ಉಳುಕು, ಊತ, ಮೂಳೆಯ ಬಿರುಕು: ಆಟಗಾರರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಶಿಬಿರಗಳು ಮತ್ತು ಟೆನ್‌ಕೆ (10 ಕಿ.ಮೀ.) ಓಟದ ತಯಾರಿ ಒಟ್ಟಿಗೇ ಬರುವ ಕಾಲ ಇದು. ಕಬ್ಬನ್ ಪಾರ್ಕಿನಲ್ಲಿ ಓಡುವವರಿಂದ ಹಿಡಿದು ಮಕ್ಕಳನ್ನು ಕ್ರಿಕೆಟ್ ಕೋಚಿಂಗಿಗೆ ಬಿಡುವ ತಂದೆತಾಯಿಯವರೆಗೆ ಬೆಂಗಳೂರಿನ ಹಲವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಪತ್ರ ಓದಿ ಕೊಡುವ ಸಲಹೆ ಮುಟ್ಟಿ ನೋಡುವ ಪರೀಕ್ಷೆಗೆ ಸಮವಲ್ಲ. ಆದ್ದರಿಂದ ಯಾವ ಲಕ್ಷಣಕ್ಕೆ ತಡಮಾಡದೆ ವೈದ್ಯರ ಬಳಿ ಹೋಗಬೇಕು ಎಂಬುದನ್ನೂ ಆಯಾ ಕಡೆ ಹೇಳಿದ್ದೇವೆ.

ಪ್ರಶ್ನೆ: ನನಗೆ 34 ವರ್ಷ. ಜನವರಿಯಲ್ಲಿ ಓಡಲು ಶುರು ಮಾಡಿದೆ. ಆಗ ವಾರಕ್ಕೆ ಮೂರು ದಿನ 3 ಕಿ.ಮೀ. ಈಗ ನಾಲ್ಕು ದಿನ 5 ಕಿ.ಮೀ., ಭಾನುವಾರ 10 ಕಿ.ಮೀ. ಎರಡು ವಾರದಿಂದ ಬಲಗಾಲಿನಲ್ಲಿ ಮಂಡಿಯ ಕೆಳಗೆ, ಮೂಳೆಯ ಒಳಬದಿಯಲ್ಲಿ ನೋವು. ಓಟದ ಶುರುವಿನಲ್ಲಿ ಹೆಚ್ಚು, ಮೈ ಬಿಸಿಯಾದ ಮೇಲೆ ಕಡಿಮೆ. ಶೂ ಬದಲಿಸಿದರೆ ಸಾಕೇ? ಓಟ ಪೂರ್ತಿ ನಿಲ್ಲಿಸಬೇಕೇ?
ಓದುಗ, ವಿಜಯನಗರ

ಉತ್ತರ: ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳಿಟ್ಟು ಮೇಲಿಂದ ಕೆಳಕ್ಕೆ ನಿಧಾನವಾಗಿ ಒತ್ತುತ್ತಾ ಬನ್ನಿ. 5 ಸೆಂ.ಮೀ.ಗಿಂತ ಹೆಚ್ಚು ಉದ್ದಕ್ಕೆ ಹರಡಿದಂತೆ ನೋವಿದ್ದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್, ಅಂದರೆ ಅತಿ ಓಟದಿಂದ ಮೊಣಕಾಲ ಮೂಳೆಯ ಅಂಚಿನುದ್ದಕ್ಕೂ ಬರುವ ನೋವು. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಒಂಟಿ ಕಾಲಲ್ಲಿ ಒಮ್ಮೆ ಕುಪ್ಪಳಿಸಿದರೆ ಅದೇ ಜಾಗ ಚುರುಕ್ಕೆನ್ನುವುದು ಸ್ಟ್ರೆಸ್ ಫ್ರಾಕ್ಚರ್‌ನ, ಅಂದರೆ ಮೂಳೆಯ ಕೂದಲೆಳೆ ಬಿರುಕಿನ ಲಕ್ಷಣಗಳು. ಈ ಅನುಮಾನ ಬಂದರೆ ಓಟವನ್ನು ಅಂದೇ ನಿಲ್ಲಿಸಿ ಕ್ರೀಡಾ ವೈದ್ಯರನ್ನೋ ಮೂಳೆ ವೈದ್ಯರನ್ನೋ ಕಾಣಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದು ತೀರಾ ಸಾಮಾನ್ಯ. ‘ಎಕ್ಸ್‌ರೇ ನಾರ್ಮಲ್’ ಎಂದು ಓಟಕ್ಕೆ ಮರಳಿದರೆ ಬಿರುಕು ಪೂರ್ತಿ ಮುರಿತಕ್ಕೆ ತಿರುಗುವುದುಂಟು. ಅನುಮಾನ ತೀರಿಸುವುದು ಎಂಆರ್‌ಐ.

ಬಿಸಿಯಾದ ಮೇಲೆ ನೋವು ತಗ್ಗುತ್ತದೆ ಅಂದಿದ್ದೀರಿ. ಅದು ಶಿನ್ ಸ್ಪ್ಲಿಂಟಿನ ನಡತೆ. ಕಾರಣವೂ ನಿಮ್ಮ ಪತ್ರದಲ್ಲೇ ಇದೆ: ವಾರಕ್ಕೆ 9 ಕಿ.ಮೀ. ಇದ್ದದ್ದು 30 ಆಗಿದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಪೆಟ್ಟು ಬಿದ್ದ ಕಡೆ ದೇಹ ಮೊದಲು ಹಳೆಯ ಮೂಳೆಯನ್ನು ಕರಗಿಸಿ, ಆಮೇಲೆ ಹೊಸದನ್ನು ತುಂಬುತ್ತದೆ. ಕರಗಿಸುವುದು ಎರಡು ಮೂರು ವಾರದ ಕೆಲಸ, ತುಂಬಿ ಗಟ್ಟಿ ಮಾಡಲು ಸುಮಾರು ಮೂರು ತಿಂಗಳು. ನಡುವಿನ ಅವಧಿಯಲ್ಲಿ ಆ ಜಾಗ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಉಸಿರು ‘ಇನ್ನೂ ಓಡು’ ಅನ್ನುವ ಹೊತ್ತಿಗೆ ಮೂಳೆ ತಯಾರಾಗಿರುವುದಿಲ್ಲ. ಹೊಸ ಓಟಗಾರರು ಪೆಟ್ಟು ತಿನ್ನುವುದು ಇಲ್ಲೇ.

ನಡೆಯುವಾಗಲೂ ನೋವಿದ್ದರೆ ಓಟ ಬೇಡ. ಸೈಕಲ್, ಈಜು ಸಾಕು. 30 ನಿಮಿಷದ ಚುರುಕಿನ ನಡಿಗೆ ಸತತ ಮೂರು ದಿನ ನೋವಿಲ್ಲದೆ ಆದ ಮೇಲೆ ದಿನ ಬಿಟ್ಟು ದಿನ ಶುರು ಮಾಡಿ: 1 ನಿಮಿಷ ಓಟ, 2 ನಿಮಿಷ ನಡಿಗೆ, ಎಂಟು ಸುತ್ತು. ಎರಡು ಸಲ ಸರಾಗವಾಗಿ ಆದರೆ ಮುಂದಿನ ಸಲ 2 ನಿಮಿಷ ಓಟ, 2 ನಿಮಿಷ ನಡಿಗೆ. ಹತ್ತಕ್ಕೆ ಮೂರರವರೆಗಿನ ನೋವನ್ನು ಒಪ್ಪಬಹುದು, ಆದರೆ ಅದು ಮರುದಿನ ಬೆಳಗಿನ ಮೊದಲ ಹೆಜ್ಜೆಗಳ ಹೊತ್ತಿಗೆ ಇಳಿದಿರಬೇಕು. ಇಳಿಯದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. (ಬಿರುಕಿಗೆ ಈ ವಿನಾಯಿತಿ ಇಲ್ಲ. ಅಲ್ಲಿ ನೋವು ಸೊನ್ನೆಯೇ ಇರಬೇಕು.) ಜೊತೆಗೆ ಮೀನಖಂಡಕ್ಕೆ ಬಲ ಕೊಡಿ. ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸುತ್ತು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿ ಕಾಲಲ್ಲಿ. ಇದನ್ನೇ ಮಂಡಿ ಸ್ವಲ್ಪ ಮಡಚಿಯೂ ಮಾಡಿ; ಓಟದ ಭಾರ ಹೊರುವ ಒಳಸ್ನಾಯು ದುಡಿಯುವುದು ಆಗಲೇ. ಒಂಟಿ ಕಾಲಲ್ಲಿ ನಡುವೆ ನಿಲ್ಲಿಸದೆ 25 ಆಗುವುದು ಗುರಿ. ಬಲಗಾಲು ನಿಮಿಷಕ್ಕೆ ಎಷ್ಟು ಸಲ ನೆಲ ಮುಟ್ಟುತ್ತದೆ ಎಂದೂ ಎಣಿಸಿ. 80 ಇದ್ದರೆ 84ಕ್ಕೆ ಏರಿಸಿ. ಹೆಜ್ಜೆ ಚಿಕ್ಕದಾದಷ್ಟೂ ಒಂದೊಂದು ಹೆಜ್ಜೆಯ ಪೆಟ್ಟು ತಗ್ಗುತ್ತದೆ.

ಶೂ 500ರಿಂದ 800 ಕಿ.ಮೀ. ಓಡಿದ್ದರೆ ಬದಲಿಸಿ. ಆದರೆ 9ರಿಂದ 30ಕ್ಕೆ ಹಾರಿದ ಲೆಕ್ಕವನ್ನು ಯಾವ ಶೂ ಕೂಡ ಸರಿದೂಗಿಸುವುದಿಲ್ಲ. ಮುಂದೆ ದೂರ ಏರಿಸುವಾಗ, ಕಳೆದ 30 ದಿನಗಳಲ್ಲಿ ಒಂದೇ ಸಲಕ್ಕೆ ಓಡಿದ ಅತಿ ಹೆಚ್ಚು ದೂರ ಎಷ್ಟೋ ಅದಕ್ಕಿಂತ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಏರಿಸಬೇಡಿ. ಕಾಂಕ್ರೀಟ್ ರಸ್ತೆ ಬಿಟ್ಟು ಲಾಲ್‌ಬಾಗಿನ ಮಣ್ಣಿನ ದಾರಿಗೆ ಹೋದರೆ ಒಳ್ಳೆಯದೇ. ಆದರೆ ಆ ಬದಲಾವಣೆಯನ್ನೂ ವಾರಕ್ಕೊಂದು ಓಟದಂತೆ ಮಾಡಿ.

ಇದೇ ನೋವಿನ ಬಗ್ಗೆ ಬರೆದ ಇಬ್ಬರು ಓದುಗಿಯರಿಗೆ ಒಂದು ಮಾತು: ತೂಕ ಇಳಿಸಲು ಊಟ ಕಡಿಮೆ ಮಾಡಿ ಓಡುತ್ತಿದ್ದು, ಮುಟ್ಟು ಮೂರು ತಿಂಗಳಿಂದ ನಿಂತಿದ್ದರೆ ಅದನ್ನು ಹಗುರವಾಗಿ ಎಣಿಸಬೇಡಿ. ದೇಹಕ್ಕೆ ಸಾಲುವಷ್ಟು ಶಕ್ತಿ ಸಿಗುತ್ತಿಲ್ಲ, ಮೂಳೆ ತೆಳುವಾಗುತ್ತಿರಬಹುದು ಎಂಬುದರ ಸೂಚನೆ ಅದು. ವೈದ್ಯರಿಗೆ ಮೊದಲು ಹೇಳಬೇಕಾದದ್ದೇ ಇದನ್ನು. ವಿಟಮಿನ್ ಡಿ ಪರೀಕ್ಷೆಯನ್ನೂ ಮಾಡಿಸಿ. ಬಿಸಿಲಿನ ನಾಡಾದರೂ ಅದರ ಕೊರತೆ ನಮ್ಮಲ್ಲಿ ಸಾಮಾನ್ಯ.

ಪ್ರಶ್ನೆ: ಶನಿವಾರ ಬ್ಯಾಡ್ಮಿಂಟನ್ ಆಡುವಾಗ ಎಡ ಪಾದ ಒಳಕ್ಕೆ ಮಡಚಿಕೊಂಡಿತು. ಹೊರಗಂಟಿನ ಸುತ್ತ ಊದಿದೆ. ಎಣ್ಣೆ ಹಚ್ಚಿ ನೀವಿಸಿ ಉಳುಕು ತೆಗೆಸು ಅಂತ ಅಮ್ಮ, ಪುತ್ತೂರು ಕಟ್ಟು ಹಾಕಿಸು ಅಂತ ಪಕ್ಕದ ಮನೆಯವರು. ಐಸ್ ಇಡಬೇಕೋ ಬಿಸಿನೀರೋ? ಎರಡು ವರ್ಷದಲ್ಲಿ ಇದು ಮೂರನೇ ಸಲ.
ಓದುಗಿ, ಮಲ್ಲೇಶ್ವರ

ಉತ್ತರ: ಐಸೋ ಬಿಸಿಯೋ ಎಂಬುದಕ್ಕಿಂತ ಮೊದಲು ಮೂಳೆ ಮುರಿದಿದೆಯೇ ಎಂಬುದು ಗೊತ್ತಾಗಬೇಕು. ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ, ಜಗತ್ತಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಳಕೆಯಲ್ಲಿರುವ ಸರಳ ನಿಯಮವಿದೆ. ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಊರಲು ಆಗದಿದ್ದರೆ ಎಕ್ಸ್‌ರೇ ಬೇಕು. ಒಳಗಂಟು ಅಥವಾ ಹೊರಗಂಟಿನ ತುದಿಯಲ್ಲಿ, ಇಲ್ಲವೇ ಅದರ ಹಿಂಬದಿಯ ಅಂಚಿನ 6 ಸೆಂ.ಮೀ.ನಲ್ಲಿ ಮೂಳೆಯನ್ನೇ ಒತ್ತಿದಾಗ ನೋವಿದ್ದರೂ ಬೇಕು. ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಉಬ್ಬು ಮೂಳೆ, ಪಾದದ ಒಳಬದಿಯ ಕಮಾನಿನ ಮೇಲಿನ ಮೂಳೆ, ಇವನ್ನು ಒತ್ತಿದಾಗ ನೋವಿದ್ದರೂ ಅಷ್ಟೇ. ಇವ್ಯಾವುವೂ ಇಲ್ಲದಿದ್ದರೆ ಮುರಿತದ ಸಾಧ್ಯತೆ ಬಹಳ ಕಡಿಮೆ.

ನೀವುವುದು ಬೇಡ. ಉಳುಕು ಅಂದರೆ ಜಾರಿದ ನರವನ್ನು ಜಾಗಕ್ಕೆ ಕೂರಿಸುವ ಸಂಗತಿಯಲ್ಲ. ಹೊರಗಂಟಿನ ಮುಂದಿನ ಲಿಗಮೆಂಟಿನ (ಮೂಳೆಗೆ ಮೂಳೆ ಜೋಡಿಸುವ ನಾರಿನ) ಎಳೆಗಳು ಹರಿದು, ಸಣ್ಣ ರಕ್ತನಾಳಗಳು ಒಡೆದಿರುತ್ತವೆ. ಮೊದಲ ಮೂರು ದಿನ ಬಲವಾಗಿ ತಿಕ್ಕಿದರೆ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ. ಸುಣ್ಣ ಅರಿಶಿನದ ಪಟ್ಟು ಚರ್ಮ ಸುಟ್ಟು ಬೊಕ್ಕೆ ಏಳಿಸಬಹುದು. ಯಾವುದೇ ಬಿಗಿ ಕಟ್ಟಿನ ಅಪಾಯ ಇನ್ನೂ ದೊಡ್ಡದು. ಒಳಗೆ ಊತ ಏರುತ್ತಿರುವಾಗ ಹೊರಗೆ ಬಿದಿರ ಪಟ್ಟಿ ಬಿಗಿದಿದ್ದರೆ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಕಾಲ್ಬೆರಳು ತಣ್ಣಗಾಗುವುದು, ಮರಗಟ್ಟುವುದು, ಬೆರಳನ್ನು ಮೇಲಕ್ಕೆ ಬಗ್ಗಿಸಿದರೆ ತಡೆಯಲಾಗದ ನೋವು ಬರುವುದು ಕಂಡರೆ ಬೆಳಗಿನವರೆಗೆ ಕಾಯದೆ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಹೋಗಿ. ಗಂಟೆಗಳ ಲೆಕ್ಕದಲ್ಲಿ ಕಾಲಿಗೇ ಕುತ್ತು ಬರುತ್ತದೆ.

ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಗಂಟಿನ ಮೇಲಿನವರೆಗೆ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ. ಮಲಗಿದಾಗ ಕಾಲನ್ನು ಎದೆಗಿಂತ ಎತ್ತರದಲ್ಲಿಡಿ. ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಬಹುದು. ಅದು ನೋವಿಗೆ ಮದ್ದು, ವಾಸಿ ಮಾಡುವ ಮದ್ದಲ್ಲ. ವಿಶ್ರಾಂತಿ, ಐಸ್, ಕಟ್ಟು, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಹೇಳಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ನಿಧಾನಿಸಬಹುದು ಎಂದು ಮುಂದೆ ನಿಲುವು ಬದಲಿಸಿದರು. ಬಿಸಿನೀರು ಆ ದಿನಗಳಲ್ಲಿ ಬೇಡ. ನೋವು ತಡೆಯುವಷ್ಟು ಭಾರ ಹಾಕಿ ನಡೆಯಲು ಎರಡನೇ ದಿನದಿಂದಲೇ ಶುರು ಮಾಡಿ.

ಮೂರನೇ ಸಲ ಅಂದಿರಿ. ಪ್ರತಿ ಸಲ ಊತ ಇಳಿದ ಕೂಡಲೇ ಕೋರ್ಟಿಗೆ ಹೋಗಿರಬೇಕು. ಲಿಗಮೆಂಟಿನ ಜೊತೆಗೆ, ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ಸಂವೇದನೆಯೂ ಪೆಟ್ಟು ತಿಂದಿರುತ್ತದೆ. ಊತ ಇಳಿದರೂ ಅದು ತಾನಾಗಿ ಮರಳುವುದಿಲ್ಲ, ಮರಳಿ ಕಲಿಸಬೇಕು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ 30 ಸೆಕೆಂಡು, ಮೂರು ಸಲ. ಅದು ಸುಲಭವಾದ ಮೇಲೆ ಪಕ್ಕದಲ್ಲಿ ಗೋಡೆ ಇಟ್ಟುಕೊಂಡು ಕಣ್ಣು ಮುಚ್ಚಿ, ಆಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿಯ ಮೇಲೆ. ಇದರ ಜೊತೆಗೆ ಪಾದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಹೊರಕ್ಕೆ ಎಳೆಯುವುದು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು. ಕೋರ್ಟಿಗೆ ಮರಳುವ ಮುನ್ನ ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ತಾಗಿಸಿ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇರಬಲ್ಲದು ಎಂದು ಅಳೆಯಿರಿ. ಎರಡು ಕಾಲಿನ ನಡುವೆ 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಇನ್ನೂ ಸಮಯ ಬಂದಿಲ್ಲ. ನೆಲದ ಗೆರೆಯ ಆಚೆ ಈಚೆ ಒಂಟಿ ಕಾಲಲ್ಲಿ ಪಕ್ಕಕ್ಕೆ ಜಿಗಿಯುವುದೂ ಹೆದರಿಕೆಯಿಲ್ಲದೆ ಆಗಬೇಕು. ಮುಂದಿನ ಒಂದು ವರ್ಷ ಆಡುವಾಗ ಲೇಸ್ ಕಟ್ಟುವ ಆಂಕಲ್ ಬ್ರೇಸ್ ಹಾಕಿಕೊಳ್ಳಿ. ಓಟದ ಶೂನಲ್ಲಿ ಬ್ಯಾಡ್ಮಿಂಟನ್ ಆಡಲೇಬೇಡಿ. ಅದರ ದಪ್ಪ, ಮೆತ್ತನೆಯ ಹಿಮ್ಮಡಿ ನೇರ ಓಟಕ್ಕೆ ಮಾಡಿದ್ದು. ಪಕ್ಕಕ್ಕೆ ಹಾರಿ ಇಳಿದಾಗ ಪಾದವನ್ನು ಹೊರಳಿಸಿಬಿಡುತ್ತದೆ.

ಪ್ರಶ್ನೆ: ಟೆನ್‌ಕೆ ಓಟದ ದಿನ ಮಂಡಿ ನೋಯದಿರಲಿ ಎಂದು ಮೊದಲೇ ನೋವಿನ ಮಾತ್ರೆ ನುಂಗಬಹುದೇ?
ಓದುಗ, ರಾಜಾಜಿನಗರ

ಉತ್ತರ: ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳು ಮೂತ್ರಪಿಂಡದ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ಬೆವರಿ ಓಡುವಾಗ ಅಲ್ಲಿಗೆ ಹೋಗುವ ರಕ್ತ ಮೊದಲೇ ಕಡಿಮೆ. ಎರಡೂ ಸೇರಿದರೆ ಮೂತ್ರಪಿಂಡಕ್ಕೆ ಏಟು. ಮಾತ್ರೆ ಇಲ್ಲದೆ ಓಡಲಾಗದ ಮಂಡಿ ಓಟಕ್ಕೆ ತಯಾರಿಲ್ಲ ಎಂದೇ ತಿಳಿಯಿರಿ. ಇನ್ನೊಂದು: ಮಳೆಗಾಲದಲ್ಲಿ ಮೈಕೈ ನೋವಿನ ಜೊತೆ ಜ್ವರವೂ ಇದ್ದರೆ, ಓಡಿದ ಆಯಾಸ ಎಂದುಕೊಂಡು ಈ ಮಾತ್ರೆ ತಗೊಳ್ಳಬೇಡಿ. ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಪ್ರಶ್ನೆ: ಮಗನಿಗೆ 13 ವರ್ಷ, ಬಲಗೈ ವೇಗದ ಬೌಲರ್. ಶಾಲೆಯಲ್ಲಿ ಎರಡು ದಿನ, ಅಕಾಡೆಮಿಯಲ್ಲಿ ಮೂರು ದಿನ, ಭಾನುವಾರ ಪಂದ್ಯ. ತಿಂಗಳಿಂದ ಸೊಂಟದ ಎಡಗಡೆ ನೋವು. ಕೋಚ್ ಹೇಳುವುದು ‘ಸ್ನಾಯು ಸೆಳೆತ, ಸ್ಟ್ರೆಚ್ ಮಾಡಿಸಿ’ ಎಂದು.
ತಂದೆ, ಬಸವನಗುಡಿ

ಉತ್ತರ: ಬೌಲಿಂಗ್ ಇಂದೇ ನಿಲ್ಲಿಸಿ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗೆ, ಚೆಂಡೆಸೆಯುವ ಕೈಯ ಎದುರು ಬದಿಯಲ್ಲಿ ಸೊಂಟ ನೋವು ಬಂದರೆ ಬೇರೇನೆಂದು ಖಾತ್ರಿಯಾಗುವವರೆಗೆ ಅದನ್ನು ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್ ಎಂದೇ ಎಣಿಸಬೇಕು. ಮಗ ಎಡಗಾಲ ಮೇಲೆ ಮಾತ್ರ ನಿಂತು ನಿಧಾನವಾಗಿ ಹಿಂದಕ್ಕೆ ಬಾಗಿದಾಗ ಅದೇ ನೋವು ಬಂದರೆ ಅನುಮಾನ ಬಲವಾಗುತ್ತದೆ, ಬರದಿದ್ದರೂ ತೀರುವುದಿಲ್ಲ. ಇಲ್ಲಿಯೂ ಮಾಮೂಲಿ ಎಕ್ಸ್‌ರೇ ನಂಬಬೇಡಿ, ಎಂಆರ್‌ಐ ಬಗ್ಗೆ ವೈದ್ಯರನ್ನು ಕೇಳಿ. ಬೇಗ ಗೊತ್ತಾದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೌಲಿಂಗ್ ಬಿಟ್ಟರೆ ಮೂಳೆ ಕೂಡಿಕೊಳ್ಳುತ್ತದೆ. ಕಡೆಗಣಿಸಿದರೆ ಎರಡೂ ಬದಿ ಬಿರುಕು ಬಿಟ್ಟು, ಒಂದು ಕಶೇರು (ಬೆನ್ನುಮೂಳೆಯ ಮಣಿ) ಇನ್ನೊಂದರ ಮೇಲೆ ಮುಂದಕ್ಕೆ ಜಾರಬಹುದು. ಜಸ್‌ಪ್ರೀತ್ ಬುಮ್ರಾ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದ 2022ರ ಟಿ20 ವಿಶ್ವಕಪ್ ಆಡಲಾಗದೆ, ಶಸ್ತ್ರಚಿಕಿತ್ಸೆಯ ನಂತರ ಮರಳಿದ್ದು 2023ರ ಆಗಸ್ಟ್‌ನಲ್ಲಿ. ಎಲ್ಲ ಸೌಲಭ್ಯ ಇದ್ದವರಿಗೇ ಅಷ್ಟು ಕಾಲ ಹಿಡಿಯಿತು.

ತಪ್ಪು ಎಲ್ಲಿದೆ ಎಂದರೆ, ಶಾಲೆಯ ಎಸೆತ ಅಕಾಡೆಮಿಗೆ ಗೊತ್ತಿಲ್ಲ, ಅಕಾಡೆಮಿಯದ್ದು ಪಂದ್ಯದ ಆಯೋಜಕರಿಗೆ ಗೊತ್ತಿಲ್ಲ. ಮೂರನ್ನೂ ಕೂಡಿಸುವವರು ಮನೆಯವರೇ ಆಗಬೇಕು. ಒಂದು ನೋಟ್‌ಬುಕ್ ಇಡಿ. ನೆಟ್ಸ್‌ನಲ್ಲಿ ಎಸೆದದ್ದನ್ನೂ ಸೇರಿಸಿ ದಿನಕ್ಕೆಷ್ಟು ಎಸೆತ ಎಂದು ಬರೆಯಿರಿ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ವೇಗದ ಬೌಲರ್‌ಗಳಿಗೆ ಹಾಕಿರುವ ಮಿತಿ ಹೀಗಿದೆ: 13ರೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10, 15ರೊಳಗಿನವರಿಗೆ ಸ್ಪೆಲ್‌ಗೆ 6, ದಿನಕ್ಕೆ 12. ಏಳು ದಿನದಲ್ಲಿ ನಾಲ್ಕೇ ದಿನ ಬೌಲಿಂಗ್, ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಇಲ್ಲ. ನಿಮ್ಮ ಮಗ ಆರು ದಿನ ಎಸೆಯುತ್ತಿದ್ದಾನೆ. ಮನೆಯ ಗೋಡೆಗೆ ಪ್ರತಿ ತಿಂಗಳು ಎತ್ತರ ಗುರುತು ಹಾಕಿ. ದಿಢೀರನೆ ಉದ್ದವಾಗುವ ತಿಂಗಳುಗಳಲ್ಲಿ ಎಸೆತ ಇನ್ನೂ ಕಡಿಮೆ ಇರಲಿ. ವಾಸಿಯಾದ ಮೇಲೆ ಅವನ ಆಕ್ಷನ್ನನ್ನು ಹಿಂದಿನಿಂದ ಫೋನಿನಲ್ಲಿ ನಿಧಾನಗತಿಯಲ್ಲಿ ಚಿತ್ರೀಕರಿಸಿ. ಹಿಂಗಾಲು ಊರಿದಾಗ ಸೊಂಟ ಒಂದು ದಿಕ್ಕಿಗೂ ಹೆಗಲು ಇನ್ನೊಂದು ದಿಕ್ಕಿಗೂ ಇದ್ದರೆ ಅದು ಮಿಕ್ಸೆಡ್ ಆಕ್ಷನ್. ಅದನ್ನು ತಿದ್ದದೆ ಬೌಲಿಂಗಿಗೆ ಮರಳಿಸಬೇಡಿ. ಕಾಲು ಸೋಲುವುದು, ಮೂತ್ರ ಹಿಡಿತ ತಪ್ಪುವುದು, ಜ್ವರದ ಜೊತೆ ಬೆನ್ನುನೋವು ಕಂಡರೆ ಅದೇ ದಿನ ಆಸ್ಪತ್ರೆ.

ಪ್ರಶ್ನೆ: ವಯಸ್ಸು 42. ಬೆಳಿಗ್ಗೆ ಎದ್ದಾಗ ಹಿಮ್ಮಡಿಯ ಹಿಂದಿನ ದಪ್ಪ ನರ ಹಗ್ಗದಂತೆ ಬಿಗಿದು ನೋಯುತ್ತದೆ. ಭಾನುವಾರ ಮಾತ್ರ ಎರಡು ಗಂಟೆ ಶಟಲ್ ಆಡುತ್ತೇನೆ.
ಓದುಗ, ಜೆ.ಪಿ. ನಗರ

ಉತ್ತರ: ಅದು ನರವಲ್ಲ, ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್. ಆರು ದಿನ ಕುರ್ಚಿಯಲ್ಲಿ ಕೂತ ಟೆಂಡನ್‌ಗೆ ಏಳನೇ ದಿನ ಎರಡು ಗಂಟೆ ಜಿಗಿತ ಹೆಚ್ಚಾಯಿತು. ಎರಡು ಗಂಟೆಯನ್ನು ವಾರದ ಎರಡು ದಿನಕ್ಕೆ ಹಂಚಿ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಹೋಗುತ್ತದೆ, ಬಲವೂ ಹೋಗುತ್ತದೆ. ಮರಳಿದ ವಾರವೇ ನೋವು ಹಾಜರಾಗುತ್ತದೆ.

ಸ್ವೀಡನ್ನಿನ ಮೂಳೆ ವೈದ್ಯ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಇವತ್ತಿಗೂ ಕೈಹಿಡಿಯುತ್ತದೆ. ಮೆಟ್ಟಿಲ ಅಂಚಿನಲ್ಲಿ ಮುಂಪಾದ ಇಟ್ಟು, ಎರಡೂ ಕಾಲಿನ ಬಲದಿಂದ ಮೇಲೆದ್ದು, ನೋವಿರುವ ಒಂದೇ ಕಾಲಿನ ಮೇಲೆ ಮೂರು ನಾಲ್ಕು ಸೆಕೆಂಡು ತಗೊಂಡು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. 15ರಂತೆ ಮೂರು ಸುತ್ತು ಮಂಡಿ ನೇರವಾಗಿಟ್ಟು, ಮೂರು ಸುತ್ತು ಮಂಡಿ ಮಡಚಿ, ದಿನಕ್ಕೆ ಎರಡು ಹೊತ್ತು, 12 ವಾರ. ಸುಲಭವಾದಾಗ ಬೆನ್ನಿಗೆ ಚೀಲ ಹಾಕಿ 5 ಕೆ.ಜಿ.ಯಂತೆ ಭಾರ ಏರಿಸಿ. ನೋವು ಹಿಮ್ಮಡಿಯ ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮಾತ್ರ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಬೇಡಿ, ಸಮನೆಲದಲ್ಲಿ ಮಾಡಿ. ಕೆಳಗಿಳಿದಷ್ಟೂ ಟೆಂಡನ್ ಅಲ್ಲಿ ಮೂಳೆಗೆ ಒತ್ತುತ್ತದೆ. ಹೆಚ್ಚಿನವರು ನಾಲ್ಕನೇ ವಾರಕ್ಕೆ ಬೇಸತ್ತು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಬಗೆಯ ಆ್ಯಂಟಿಬಯಾಟಿಕ್ ಈ ಟೆಂಡನ್ ಹರಿಯುವ ಅಪಾಯವನ್ನು ಹೆಚ್ಚಿಸುತ್ತದೆ. ಬೇರೆ ಕಾಯಿಲೆಗೆ ವೈದ್ಯರು ಬರೆಯುವಾಗ ಈ ನೋವಿನ ವಿಷಯ ಹೇಳಿ. ಆಟದ ನಡುವೆ ‘ಟಪ್’ ಎಂದು ಹಿಂದಿನಿಂದ ಯಾರೋ ಒದ್ದಂತಾದರೆ ಆಟ ಬಿಡಿ. ಬೋರಲು ಮಲಗಿ ಪಾದ ಮಂಚದಾಚೆ ಇಳಿಬಿಟ್ಟಾಗ ಇನ್ನೊಬ್ಬರು ಮೀನಖಂಡ ಹಿಂಡಿದರೆ ಪಾದ ಕೆಳಮುಖವಾಗಿ ಚಲಿಸಬೇಕು. ಚಲಿಸದಿದ್ದರೆ, ನಡೆಯಲು ಆಗುತ್ತಿದ್ದರೂ ಟೆಂಡನ್ ಹರಿದಿದೆ ಎಂದೇ ಅರ್ಥ.

ಪ್ರಶ್ನೆ: ಟರ್ಫ್ ಫುಟ್‌ಬಾಲಿಗೆ ಮುನ್ನ ಸ್ಟ್ರೆಚಿಂಗ್ ಮಾಡಬೇಕೇ?
ಓದುಗ, ಎಚ್‌ಎಸ್‌ಆರ್ ಲೇಔಟ್

ಉತ್ತರ: ನಿಂತಲ್ಲೇ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಸ್ನಾಯು ಎಳೆದು ಹಿಡಿದರೆ ಆ ಹೊತ್ತಿಗೆ ಅದರ ಬಲ ತಗ್ಗುತ್ತದೆ, ಗಾಯ ತಡೆಯುವುದೂ ಅಷ್ಟಕ್ಕಷ್ಟೇ. ಮೈ ಬಿಸಿ ಮಾಡುವುದು ಮುಖ್ಯ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕೂತು ಬಂದು, ಸ್ಲಾಟ್ ಶುರುವಾಯಿತೆಂದು ನೇರ ಓಡಿದರೆ ತೊಡೆಯ ಹಿಂಭಾಗ ಹರಿಯುವುದು ಖಚಿತ ಎನ್ನುವಷ್ಟು ಸಾಮಾನ್ಯ. ಗೇಟಿನ ಹೊರಗೇ ಹತ್ತು ನಿಮಿಷ ಕೊಡಿ: 3 ನಿಮಿಷ ಜಾಗಿಂಗ್, 10 ಬಸ್ಕಿ, ಒಂದೊಂದು ಕಾಲಿಗೆ 8 ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ಇಳಿಯುವುದು), ಪಕ್ಕದ ಹೆಜ್ಜೆ, ಕೊನೆಗೆ ಅರ್ಧ, ಮುಕ್ಕಾಲು, ಪೂರ್ತಿಗೆ ಹತ್ತಿರದ ವೇಗದಲ್ಲಿ ಮೂರು ಓಟ. ತಂಡವಾಗಿ ಆಡುವವರು ಫಿಫಾದ ‘11+’ ಕಲಿಯಲಿ. 20 ನಿಮಿಷದ ಈ ಕ್ರಮವನ್ನು ವಾರಕ್ಕೆ ಎರಡು ಸಲ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ.

ಪ್ರಶ್ನೆ: ಜಿಮ್ ಸೇರಿದ ಮೊದಲ ದಿನವೇ ಗೆಳೆಯರ ಜೊತೆ 200 ಬಸ್ಕಿ ಹೊಡೆದೆ. ಎರಡನೇ ದಿನ ತೊಡೆ ಊದಿ ಮಂಡಿ ಮಡಚಲಾಗುತ್ತಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ನೀರು ಜಾಸ್ತಿ ಕುಡಿದರೆ ಸಾಕೇ?
ಓದುಗ, ಯಲಹಂಕ

ಉತ್ತರ: ಸಾಲದು. ಈ ಪತ್ರಕ್ಕೆ ಅಂದೇ ಉತ್ತರಿಸಿದ್ದೇವೆ. ಇತರರಿಗಾಗಿ ಅಚ್ಚು ಹಾಕುತ್ತಿದ್ದೇವೆ. ಇದು ರ‍್ಯಾಬ್ಡೊಮಯೊಲಿಸಿಸ್. ಸ್ನಾಯುಕೋಶಗಳು ಒಡೆದು, ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಸುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪಬಹುದು. ತುರ್ತು ವಿಭಾಗದಲ್ಲಿ ರಕ್ತದ ಸಿಕೆ (ಒಡೆದ ಸ್ನಾಯುವಿನಿಂದ ಸೋರುವ ಕಿಣ್ವ), ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಳತೆ), ಪೊಟ್ಯಾಸಿಯಂ ನೋಡಿ ಡ್ರಿಪ್ ಹಾಕುತ್ತಾರೆ. ನೋವಿನ ಮಾತ್ರೆ, ಮದ್ಯ ಎರಡೂ ಬೇಡ. ಜಿಮ್ ಸೇರುವ ಇತರರು ಗಮನಿಸಿ: ಮೊದಲ ವಾರ ಒಂದೊಂದು ವ್ಯಾಯಾಮಕ್ಕೆ 10ರಂತೆ ಎರಡೇ ಸುತ್ತು, ಇನ್ನೂ ನಾಲ್ಕೈದು ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸುವುದು, ಎರಡು ದಿನ ಬಿಟ್ಟು ಮತ್ತೆ. ಹೊಸಬರಿಗೆ ಅಷ್ಟು ಸಾಕು. ಮೊದಲ ದಿನವೇ ಬೀಳುವವರೆಗೆ ಮಾಡಿಸುವ ತರಬೇತುದಾರರ ಬಳಿ ಎರಡನೇ ದಿನ ಹೋಗಬೇಡಿ.

ಪ್ರಶ್ನೆ: ಕಾಲೇಜು ಕಬಡ್ಡಿ ತಂಡದ ರೈಡರ್ ನಾನು. ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್) ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳು. ನೋವಿಲ್ಲ, ಓಡುತ್ತಿದ್ದೇನೆ. ಕೆ.ಎಲ್. ರಾಹುಲ್ ನಾಲ್ಕು ತಿಂಗಳಲ್ಲಿ ಆಡಿದರಲ್ಲ, ನನಗೇಕೆ ಒಂಬತ್ತು ತಿಂಗಳು?
ಓದುಗಿ, ಕೆ.ಆರ್. ಪುರ

ಉತ್ತರ: ಗಾಯವೇ ಬೇರೆ. 2023ರ ಮೇ 1ರಂದು ಲಖನೌನಲ್ಲಿ ರಾಹುಲ್‌ಗೆ ಹರಿದದ್ದು ತೊಡೆಯ ಟೆಂಡನ್. ಸೆಪ್ಟೆಂಬರ್ 10ರಂದು ಶುರುವಾಗಿ ಮರುದಿನ ಮುಗಿದ ಏಷ್ಯಾ ಕಪ್ ಪಂದ್ಯದಲ್ಲಿ ಶತಕದೊಂದಿಗೆ ಮರಳಿದರು. ನಿಮ್ಮ ಮಂಡಿಯೊಳಗೆ ಬೇರೆಡೆಯಿಂದ ತೆಗೆದ ಎಳೆ ಕೂರಿಸಿದ್ದಾರೆ. ಅದಕ್ಕೆ ಮೊದಲ ತಿಂಗಳುಗಳಲ್ಲಿ ಸ್ವಂತ ರಕ್ತಪೂರೈಕೆ ಇರುವುದಿಲ್ಲ. ಹೊಸ ರಕ್ತನಾಳ ಬೆಳೆದು, ಅದು ಲಿಗಮೆಂಟಿನ ಗುಣ ಪಡೆಯಲು ವರ್ಷದವರೆಗೂ ಬೇಕು. ಒಳಗೆ ಅದು ಬಲಹೀನವಾಗಿದ್ದರೂ ಹೊರಗೆ ನೋವಿರುವುದಿಲ್ಲ. ಒಂಬತ್ತು ತಿಂಗಳವರೆಗೆ, ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮರುಗಾಯದ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುವುದು ಅಧ್ಯಯನದಲ್ಲಿ ಕಂಡಿದೆ.

ತಿಂಗಳು ತುಂಬಿದರಷ್ಟೇ ಸಾಲದು. ಒಂಟಿ ಕಾಲಿನ ಜಿಗಿತದ ದೂರ ಇನ್ನೊಂದು ಕಾಲಿನ ನೂರಕ್ಕೆ 90ರಷ್ಟಾದರೂ ಇರಬೇಕು. ಜಿಗಿದು ಇಳಿದಾಗ ಮಂಡಿ ಒಳಕ್ಕೆ ಬಾಗಬಾರದು. ಆಮೇಲೂ ಮೊದಲು ಒಂಟಿಯಾಗಿ ರೈಡ್ ಅಭ್ಯಾಸ, ನಂತರ ಹೇಳಿ ಹಿಡಿಯುವ ಒಬ್ಬ ಡಿಫೆಂಡರ್, ಕೊನೆಗೆ ಹೇಳದೆ ಹಿಡಿಯುವವರು. ಪಾದ ನೆಲಕ್ಕಂಟಿ ಮೈ ತಿರುಗಿದಾಗ ಎಸಿಎಲ್ ಹರಿಯುತ್ತದೆ. ಮಣ್ಣಿನ ಅಂಗಳದಲ್ಲಿ ಪಾದ ಜಾರಿ ತಪ್ಪಿಸಿಕೊಳ್ಳುತ್ತದೆ. ಮ್ಯಾಟ್ ಶೂವನ್ನು ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಮ್ಯಾಟಿನ ಮೇಲೆ ತಿರುಗುವ ಅಭ್ಯಾಸಕ್ಕೆ ಹೆಚ್ಚು ವಾರ ಕೊಡಿ. ತೊಡೆಯ ಬಲವನ್ನು ಜಿಮ್ಮಿನ ಲೆಗ್ ಪ್ರೆಸ್‌ನಲ್ಲಿ ಒಂದೊಂದೇ ಕಾಲಿನಿಂದ ನೋಡಬಹುದು. ಚೆನ್ನಾಗಿರುವ ಕಾಲು ಹತ್ತು ಸಲ 60 ಕೆ.ಜಿ. ತಳ್ಳಿದರೆ, ಶಸ್ತ್ರಚಿಕಿತ್ಸೆಯಾದದ್ದು 54 ಆದರೂ ತಳ್ಳಬೇಕು. ಅದು 45ರಲ್ಲೇ ನಿಂತಿದ್ದರೆ ಟೂರ್ನಿಯ ದಿನಾಂಕ ಯಾವುದೇ ಇರಲಿ, ಇನ್ನೂ ಆರರಿಂದ ಎಂಟು ವಾರ ಬಲದ ತರಬೇತಿಗೇ ಕೊಟ್ಟು ಮತ್ತೆ ಅಳೆಯಿರಿ.